ಮಿದುಳಿನೊಳಗಣ ಗುಳೆ



ನಮ್ಮ ನಾರಾಯಣಪುರದ ಸೀಮೆಯಲ್ಲಿ ‘ಗುಳೆ’ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೃಷ್ಣೆಯ ಅಣೆಕಟ್ಟು 1982ರಲ್ಲಿ ಮುಗಿದು ಕಾಲುವೆಗೆ ನೀರು ಬಂದಮೇಲೂ, ನೀರು ತಲುಪದ ಹೊಲದವರು ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆಗಳ ಬಸ್ಸು ಹತ್ತುವುದು ತಪ್ಪಿಲ್ಲ. ಇಂದು ನಾನು ಹೇಳಹೊರಟದ್ದು ಇನ್ನೊಂದು ಬಗೆಯ ಗುಳೆ. ತಾಯಿಯ ಗರ್ಭದಲ್ಲಿದ್ದಾಗ ನಮ್ಮೆಲ್ಲರ ಮಿದುಳಿನೊಳಗೂ ನಡೆದುಹೋದದ್ದು.

ನಮ್ಮ ಮಾತು, ನೆನಪು, ವಿಚಾರಗಳಿಗೆಲ್ಲ ಮಿದುಳಿನ ಹೊರಪದರವೇ ಮುಖ್ಯ ನೆಲೆ. ಅಲ್ಲಿ ಬಾಳುವ ನರಕೋಶಗಳಾದರೋ ಅಲ್ಲಿ ಹುಟ್ಟಿದವಲ್ಲ. ಮಿದುಳಿನ ನಡುವೆ ನೀರು ತುಂಬಿದ ಪೊಟರೆಗಳುಂಟು. ಹೆಚ್ಚಿನವು ಹುಟ್ಟುವುದು ಅವುಗಳ ಗೋಡೆಯಲ್ಲಿ. ಅಲ್ಲಿಂದ ಹೊರಕ್ಕೆ ತೆವಳಿ ಬರಬೇಕು. ಗರ್ಭದ ಮೂರನೆಯ ತಿಂಗಳಿನಿಂದ ಆರನೆಯ ತಿಂಗಳವರೆಗೆ ಈ ಪಯಣ ಭರದಿಂದ ಸಾಗುತ್ತದೆ. ದಾರಿ ತೋರುವವರಾರು? ಗೋಡೆಯಿಂದ ಹೊರಮೈವರೆಗೆ ಚಾಚಿದ ಬೇರೊಂದು ಜಾತಿಯ ಕೋಶಗಳ ಎಳೆಗಳು. ಬಾವಿಗಿಳಿದವನು ಹಗ್ಗ ಹಿಡಿದು ಮೇಲೆ ಬರುವಂತೆ ನರಕೋಶ ಈ ಎಳೆಯನ್ನಪ್ಪಿ ಏರುತ್ತದೆ. ಕೋತಿಯ ಭ್ರೂಣದಲ್ಲಿ ಇದನ್ನು 1972ರಲ್ಲಿ ತೋರಿಸಿಕೊಟ್ಟವರು ಪಾಸ್ಕೊ ರಾಕಿಚ್ ಎಂಬ ವಿಜ್ಞಾನಿ.

ಬಯಲಾಟಕ್ಕೆ ತಡವಾಗಿ ಬಂದವನು ಹಿಂದೆ ಕೂಡಬೇಕಷ್ಟೆ. ಇಲ್ಲಿ ಹಾಗಲ್ಲ. ಮೊದಲು ಬಂದವು ಒಳಗಡೆ ನಿಲ್ಲುತ್ತವೆ. ತಡವಾಗಿ ಹುಟ್ಟಿದವು ಅವನ್ನು ದಾಟಿ ಹೊರಗಡೆ ನೆಲೆಸುತ್ತವೆ. ಇವೆಲ್ಲಕ್ಕೂ ಮುಂಚೆಯೇ ಹೊರಮೈಗೆ ಬಂದು ನಿಂತ ಕೆಲವು ಕೋಶಗಳುಂಟು. ‘ರೀಲಿನ್’ ಎಂಬ ದ್ರವ್ಯವನ್ನು ಒಸರಿ, ಬರುವವನ್ನು ಸಾಲುಗೂಡಿಸುವ ಮೇಸ್ತ್ರಿಗಳು ಅವು. ಕೆಲಸ ಮುಗಿದಮೇಲೆ ಅವುಗಳಲ್ಲಿ ಬಹಳಷ್ಟು ಅಳಿದುಹೋಗುತ್ತವೆ. ಕಟ್ಟಿದ ಮನೆಯಲ್ಲಿ ವಾಸ ಅವಕ್ಕಿಲ್ಲ. ನಮ್ಮ ಗುಳೆಯವರ ಪಾಡೂ ಅದೇ ಅಲ್ಲವೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ನೋಡಬಹುದು. ಅಕ್ರೋಡಿನ ತಿರುಳಿನಂತೆ ಮಡಿಕೆ ಮಡಿಕೆ. ಈ ಪಯಣ ತೀರ ಕೆಟ್ಟರೆ ಆ ಮಡಿಕೆಗಳೇ ಏಳದೆ ಮಿದುಳು ನುಣ್ಣಗೆ ಉಳಿಯುತ್ತದೆ. ಒಂದಷ್ಟು ಕೋಶಗಳು ಮಾತ್ರ ನಡುದಾರಿಯಲ್ಲಿ ನಿಂತರೆ ಮೂರ್ಛೆರೋಗ ಬರಬಹುದು.

ನನ್ನ ತರಗತಿಯ ಹುಡುಗನೊಬ್ಬನಿಗೆ ಆದದ್ದು ಇದೇ. ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಳೆಂದು ಓಣಿಯೆಲ್ಲ ಅವನ ತಾಯಿಯನ್ನು ಹಳಿದಿತ್ತು. ಬೆಂಗಳೂರಿನಲ್ಲಿ ತೆಗೆದ ಎಂ.ಆರ್.ಐ. ಚಿತ್ರದಲ್ಲಿ, ಹೊರಮೈ ತಲುಪದೆ ನಿಂತ ಕೋಶಗಳ ಗುಂಪು ಕಂಡಿತು. ಇದಕ್ಕೆ ಹಲವು ವೇಳೆ ಜೀನುಗಳ ದೋಷ ಕಾರಣ. ಎಷ್ಟೋ ಸಲ ಆ ದೋಷ ತಂದೆತಾಯಿಗಳಲ್ಲಿ ಇರುವುದೂ ಇಲ್ಲ. ಗರ್ಭಕ್ಕೆ ತಗುಲಿದ ಸೋಂಕು, ಮದ್ಯ ಇವೂ ಕೆಲವೊಮ್ಮೆ ಕಾರಣವಾಗುತ್ತವೆ. ಗ್ರಹಣದ ಪಾಲು ಇದರಲ್ಲಿ ಏನೇನೂ ಇಲ್ಲ.

ಇದನ್ನು ತಿಳಿಸಿ ಹೇಳಿದಾಗ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಂದೇನು ತಪ್ಪಿಲ್ಲೇನ್ರೀ ಸರ?” ಎಂದು ಕೇಳಿದಳು. ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಮಾತ್ರೆಯ ಪೊಟ್ಟಣ ಅವನ ಕಂಪಾಸು ಪೆಟ್ಟಿಗೆಯಲ್ಲಿರುತ್ತದೆ.