ಗಾಲಿ ಹಾಕಿದ ಮೇಜು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಪರಿಶೀಲನಾ ಸಮಿತಿಯ ಪರವಾಗಿ ಮಾಡಿದ ಭಾಷಣ)

 

ಈ ಸಾಲಿನ ವರದಿಯಲ್ಲಿ ಶಾಲಾ ಶುಲ್ಕ, ಪುಸ್ತಕ, ಹಾಸ್ಟೆಲ್ ವೆಚ್ಚ ಎಂಬ ಎಂದಿನ ಸಾಲುಗಳ ಕೆಳಗೆ ‘ಉಪಕರಣ ನೆರವು’ ಎಂಬ ಹೊಸ ಸಾಲೊಂದನ್ನು ತಾವು ನೋಡಿರುತ್ತೀರಿ. ಕೆಲವು ದಾನಿಗಳು ಫೋನ್ ಮಾಡಿ ಕೇಳಿದರು: ಓದಿಗೆಂದು ಕೊಟ್ಟ ಹಣದ ಒಂದು ಪಾಲು ಕಾರಿನ ಗಾಜಿಗೆ ಫಿಲಂ ಅಂಟಿಸುವ ಹುಡುಗರ ಮೇಜಿಗೆ ಹೋಗಿದೆಯಲ್ಲ, ಏಕೆ? ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವುದಕ್ಕೇ ಇವತ್ತು ಸ್ವಲ್ಪ ಸಮಯ ಕೇಳಿ ಪಡೆದಿದ್ದೇವೆ.

ಅರ್ಜಿಯಲ್ಲಿ ‘ಮನೆಯಲ್ಲಿ ದುಡಿಯುವವರು’ ಎಂಬ ಒಂದು ಕಾಲಂ ಇದೆ. ಆರ್‌.ಟಿ. ನಗರ, ಹೆಬ್ಬಾಳ, ಯಶವಂತಪುರ, ಯಲಹಂಕ ಕಡೆಯಿಂದ ಬರುವ ಅರ್ಜಿಗಳಲ್ಲಿ ಅಲ್ಲಿ ‘ಅಣ್ಣ, ಖಾಸಗಿ ಕೆಲಸ’ ಎಂದು ಬರೆದಿರುತ್ತಾರೆ. ಯಾವ ಖಾಸಗಿ ಕೆಲಸ ಎಂದು ಮನೆಗೆ ಹೋಗಿ ವಿಚಾರಿಸಿದರೆ ತಾಯಿ ದನಿ ತಗ್ಗಿಸಿ ಹೇಳುತ್ತಾರೆ: ಕಾರಿನ ಗಾಜಿಗೆ ಕಾಗದ ಅಂಟಿಸುತ್ತಾನೆ. ಆ ಮನೆಯಲ್ಲಿ ತಂಗಿ ಪಿ.ಯು.ಸಿ. ವಿಜ್ಞಾನ ಓದುತ್ತಿರುತ್ತಾಳೆ. ನಮ್ಮ ವಿದ್ಯಾರ್ಥಿವೇತನ ವರ್ಷಕ್ಕೊಮ್ಮೆ ಬರುತ್ತದೆ. ಬಸ್ ಪಾಸು, ಲ್ಯಾಬ್ ದಾಖಲೆ ಪುಸ್ತಕ, ಮನೆ ಬಾಡಿಗೆ ಇವೆಲ್ಲ ಆ ಅಣ್ಣನ ಕೈಯಿಂದ ಬರುತ್ತವೆ. ಅವನಿಗೆ ಎರಡು ವಾರ ಕೆಲಸ ಇಲ್ಲವೆಂದರೆ ನಾವು ಕೊಟ್ಟ ಶುಲ್ಕ ಕಟ್ಟಿದ್ದರೂ ಹುಡುಗಿ ಕಾಲೇಜಿಗೆ ಹೋಗುವುದಿಲ್ಲ. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೆಲಸದ ವಿವರ ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ. ಫಿಲಂ ಎಂದರೆ ಪಾಲಿಯೆಸ್ಟರಿನ ತೆಳು ಹಾಳೆ. ಒಂದು ಮೈಗೆ ಅಂಟು, ಅಂಟಿನ ಮೇಲೆ ತೆಗೆದು ಬಿಸಾಡುವ ಇನ್ನೊಂದು ಹಾಳೆ. ದೊಡ್ಡ ಸುರುಳಿ 60 ಇಂಚು ಅಗಲ ಇರುತ್ತದೆ, ಅಂದರೆ ಐದು ಅಡಿ. ಗಾಜಿನ ಆಕಾರಕ್ಕೆ ಕತ್ತರಿಸಬೇಕು. ಡೊಂಕು ಗಾಜಾದರೆ ಹೊರಮೈ ಮೇಲೆ ಹಾಸಿ, ಹೀಟ್ ಗನ್ನಿನಿಂದ ಬಿಸಿ ಮಾಡಿ, ಗಾಜಿನ ಬಾಗಿಗೆ ಕುಗ್ಗಿಸಬೇಕು. ಫಿಲಂ ಚೆನ್ನಾಗಿ ಕುಗ್ಗುವುದು ಸುರುಳಿಯ ಉದ್ದದ ದಿಕ್ಕಿನಲ್ಲಿ ಮಾತ್ರ, ಅಡ್ಡಡ್ಡ ಹಾಸಿದರೆ ಮಡಿಕೆ ಹೋಗುವುದಿಲ್ಲ. ಆಮೇಲೆ ಮೇಲಿನ ಹಾಳೆ ಸುಲಿದು, ಬೇಬಿ ಶಾಂಪೂವಿನ ಕೆಲವು ಹನಿ ಬೆರೆಸಿದ ನೀರು ಸಿಂಪಡಿಸಿ, ಒಳಮೈಗೆ ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರನ್ನೆಲ್ಲ ಹೊರಕ್ಕೆ ಒತ್ತಬೇಕು.

ಸುಲಿಯುವ ಆ ಅರ್ಧ ನಿಮಿಷದಲ್ಲೇ ಕೆಲಸ ಕೆಡುವುದು. ಹಾಳೆ ಬಿಡಿಸುವಾಗ ಫಿಲಂಗೆ ವಿದ್ಯುದಾವೇಶ ಬರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುತ್ತದೆಂದು ನಾವು ತರಗತಿಯಲ್ಲಿ ತೋರಿಸುತ್ತಿದ್ದೆವಲ್ಲ, ಅದೇ. ಸುತ್ತಲಿನ ದೂಳೆಲ್ಲ ಅಂಟಿಗೆ ಹಾರಿ ಬರುತ್ತದೆ. ಹೆಬ್ಬಾಳದಿಂದಾಚೆ ಬಳ್ಳಾರಿ ರಸ್ತೆಯುದ್ದಕ್ಕೂ ಕಟ್ಟಡ ಏಳದ ದಿನವಿಲ್ಲ, ದೂಳಿಗೇನು ಬರ? ಒಂದು ಕಣ ಒಳಗೆ ಸಿಕ್ಕಿದರೂ ಗುಳ್ಳೆಯಾಗಿ ಕಾಣುತ್ತದೆ. ಗಿರಾಕಿ ಹಣ ಹಿಡಿಯುತ್ತಾನೆ, ಫಿಲಂ ಕಿತ್ತು ಹೊಸದು ಹಾಕಬೇಕು, ನಷ್ಟ ಹುಡುಗನದು.

ಅಂಗಡಿಯಲ್ಲಾದರೆ ಇದಕ್ಕೆಂದೇ ಗೋಡೆಗೆ ದೊಡ್ಡ ಗಾಜು ನಿಲ್ಲಿಸಿರುತ್ತಾರೆ. ಒದ್ದೆ ಮಾಡಿದ ಆ ಗಾಜಿಗೆ ಫಿಲಂ ಅಂಟಿಸಿ ನಿಂತುಕೊಂಡೇ ಸುಲಿಯಬಹುದು. ಆದರೆ ಅಂಗಡಿಗೆ ಮುಂಗಡ ಕೊಡುವ ಶಕ್ತಿ ನಮ್ಮ ಹುಡುಗರಿಗಿಲ್ಲ. ಜೆ.ಸಿ. ರಸ್ತೆಯಲ್ಲೋ ಆರ್‌.ಟಿ. ನಗರದ ಮುಖ್ಯರಸ್ತೆಯಲ್ಲೋ ಯಾರದೋ ಕೈಕೆಳಗೆ ಕೆಲಸ ಕಲಿತು, ಫೋನ್ ಬಂದ ಕಡೆ ತಾವೇ ಹೋಗುತ್ತಾರೆ. ಯಲಹಂಕ ಉಪನಗರ, ಸಹಕಾರ ನಗರ, ಥಣಿಸಂದ್ರದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯೇ ಅವರ ಕಾರ್ಖಾನೆ. ಅಲ್ಲಿ ಮೇಜಿಲ್ಲ. ಗಿರಾಕಿಯ ಬಾನೆಟ್ ಮೇಲೆ ಫಿಲಂ ಹಾಸಿ ಕತ್ತರಿಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆ. ನೆಲದ ಮೇಲಿಟ್ಟರೆ ದೂಳು. ಮಂಡಿಯೂರಿ ಬಗ್ಗಿ ಬಗ್ಗಿ ಇಪ್ಪತ್ತೈದಕ್ಕೇ ಸೊಂಟ ನೋವು.

ಹಾಗಾಗಿ ಅವರೇ ಮೇಜು ಕಟ್ಟಿಕೊಂಡರು. ನಾವು ನೋಡಿದ ಒಂದೊಂದು ಮೇಜೂ ಒಂದೊಂದು ಥರ. ಒಂದು, ಆಸ್ಪತ್ರೆಯಲ್ಲಿ ಔಷಧ ತಳ್ಳುವ ಹಳೆಯ ಗಾಡಿ, ಗುಜರಿಯಿಂದ ತಂದದ್ದು. ಇನ್ನೊಂದು ಹಳೆಯ ಕಂಪ್ಯೂಟರ್ ಮೇಜು, ಸಿ.ಪಿ.ಯು. ಇಡುವ ಗೂಡಿನಲ್ಲಿ ಈಗ ನೀರಿನ ಕ್ಯಾನು ಕೂತಿದೆ. ಮೂರನೆಯದು ಪೂರ್ತಿ ಹೊಸತು: ಒಂದು ಇಂಚಿನ ಚೌಕ ಪೈಪು ತಂದು, ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಿ, ಬಿಚ್ಚಿ ಮಡಚುವಂತೆ ಬೋಲ್ಟು ಹಾಕಿದ್ದು, ಲಗೇಜ್ ಆಟೋದಲ್ಲಿ ಹಿಡಿಸಬೇಕಲ್ಲ. ಸುರುಳಿಯ ನಡುವಿನ ರಟ್ಟಿನ ಕೊಳವೆಯೊಳಗೆ ಪಿ.ವಿ.ಸಿ. ಪೈಪು ತೂರಿಸಿ ಎರಡು ಕೊಕ್ಕೆ ಮೇಲೆ ಕೂರಿಸಿದರೆ ಫಿಲಂ ಸೀರೆಯ ಥಾನಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಅಗಲ ಪೈಪಿನ ತುಂಡು ಹೀಟ್ ಗನ್ನಿಗೆ ಗೂಡು. ಸುಲಿದ ಹಾಳೆಗೆ, ಮುರಿದ ಬ್ಲೇಡಿನ ತುದಿಗೆ ಬೇರೆ ಬೇರೆ ಡಬ್ಬ. ಬ್ಲೇಡಿನ ಡಬ್ಬವನ್ನು ನಾವು ವಿಶೇಷವಾಗಿ ಮೆಚ್ಚಿದೆವು, ನೆಲಮಾಳಿಗೆಯಲ್ಲಿ ಮಕ್ಕಳು ಬರಿಗಾಲಲ್ಲಿ ಸೈಕಲ್ ತುಳಿಯುತ್ತಿರುತ್ತಾರೆ.

ತಪ್ಪಿ ತಪ್ಪಿಯೇ ಕಲಿತಿದ್ದಾರೆ. ಮೊದಲ ಮೇಜಿನ ಸಣ್ಣ ಗಾಲಿ ನೆಲಮಾಳಿಗೆಯ ಚರಂಡಿ ಜಾಲರಿಯಲ್ಲಿ ಸಿಕ್ಕಿಕೊಂಡಿತು, ಈಗ 4 ಇಂಚಿನ ಗಾಲಿ ಹಾಕುತ್ತಾರೆ, ಎರಡಕ್ಕೆ ಬ್ರೇಕು. ಸುಲಿಯುವ ಹಲಗೆಗೆ ಅಕ್ರಿಲಿಕ್ ಹಾಕಿದ್ದವನ ಹಲಗೆ ಬ್ಲೇಡಿನ ಗೀರಿನಿಂದ ತುಂಬಿ ಕಸ ಹಿಡಿಯಿತು, ಅವನೂ ಗಾಜಿಗೇ ಬಂದ. ನಿಂತ ಗಾಜು ಮೇಲೆ ಭಾರ, ರ‍್ಯಾಂಪಿನ ಇಳಿಜಾರಿನಲ್ಲಿ ಗಾಡಿ ವಾಲುತ್ತದೆ. ಅದಕ್ಕೇ ನೀರಿನ ಕ್ಯಾನು ಕೆಳಗೆ, ಅಡಿಪಾಯ ಅಗಲ. ಗುರುತ್ವ ಕೇಂದ್ರ ಎಂಬ ಶಬ್ದ ಅವನ ಬಾಯಲ್ಲಿ ಬರಲಿಲ್ಲ, ಆದರೆ ಗಾಡಿಯಲ್ಲಿತ್ತು.

ಒಂದು ವಿಷಯದಲ್ಲಿ ನಾವು ಗಟ್ಟಿಯಾಗಿ ಹೇಳಿದೆವು, ಇಲ್ಲಿರುವ ಪೋಷಕರೂ ಕೇಳಿಸಿಕೊಳ್ಳಿ. ಹೀಟ್ ಗನ್ನು 2000 ವ್ಯಾಟ್. ಮನೆಯ ವಿದ್ಯುತ್ 230 ವೋಲ್ಟ್. ಭಾಗಿಸಿದರೆ ಸುಮಾರು 8.7 ಆಂಪಿಯರ್. ಗೋಡೆಯ ಚಿಕ್ಕ ಸಾಕೆಟ್ಟು 6 ಆಂಪಿಯರಿನದು. ಅದಕ್ಕೆ ಸಿಕ್ಕಿಸಿ, ತೆಳು ತಂತಿಯ ಎಕ್ಸ್‌ಟೆನ್ಷನ್ ಎಳೆದು, ಕಾಲ ಕೆಳಗೆ ಶಾಂಪೂ ನೀರು ಹರಿಸಿಕೊಂಡು ಕೆಲಸ ಮಾಡುವುದನ್ನು ಕಂಡಾಗ ನಮಗೆ ಎದೆ ಝಲ್ಲೆಂದಿತು. ಈ ಭಾಗಾಕಾರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ಆದ್ದರಿಂದ ನೆರವಿನ ಮೊದಲ ಷರತ್ತು ಹೀಗೆ: 16 ಆಂಪಿಯರಿನ ಪ್ಲಗ್ಗು, ದಪ್ಪ ತಂತಿ, 30 ಮಿಲಿಆಂಪಿಯರಿಗೆ ಕಡಿತವಾಗುವ ಆರ್.ಸಿ.ಸಿ.ಬಿ. ಸ್ವಿಚ್ಚು, ಮತ್ತು ಸ್ವಿಚ್ ಪೆಟ್ಟಿಗೆ ನೀರಿನ ತಟ್ಟೆಗಿಂತ ಮೇಲೆ. ಮೇಜಿನ ಮರ, ಕಬ್ಬಿಣ ಅವರು ಹೇಗೋ ಹೊಂದಿಸುತ್ತಾರೆ. ಈ ಪೆಟ್ಟಿಗೆಗೆ ಮಾತ್ರ ದುಡ್ಡು ಉಳಿಯುವುದಿಲ್ಲ. ತಮ್ಮ ದಾನದ ಹಣ ಮುಖ್ಯವಾಗಿ ಹೋದದ್ದು ಇದಕ್ಕೆ, ಮತ್ತು ಈಗ ಹೇಳಲಿರುವ ಒಂದು ಮೀಟರಿಗೆ.

ಕಾನೂನಿನ ಮಾತು. ಒಬ್ಬ ದಾನಿಯವರು ‘ಇದು ನಿಷೇಧವಾದ ಕೆಲಸ ಅಲ್ಲವೇ’ ಎಂದು ಕೇಳಿದ್ದಾರೆ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ, ಎಷ್ಟೇ ಬೆಳಕು ಬಿಡುವುದಾದರೂ ಕಾರಿನ ಗಾಜಿಗೆ ಕಪ್ಪು ಫಿಲಂ ಅಂಟಿಸುವಂತಿಲ್ಲ ಎಂದಿತು. ಮೇ 4ರಿಂದ ಅದು ಜಾರಿಗೆ ಬಂತು. ಅಂಟಿಸಿದ ಕೈಗಳೇ ಕಿತ್ತು ಹಾಕಿದವು. ಮುಂದೆ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮಕ್ಕೆ ಆದ ತಿದ್ದುಪಡಿ 2021ರ ಏಪ್ರಿಲ್ 1ರಿಂದ ಜಾರಿಯಾಗಿ, ಒಳಮೈಗೆ ಪ್ಲಾಸ್ಟಿಕ್ ಪದರವಿರುವ ಸೇಫ್ಟಿ ಗ್ಲೇಜಿಂಗಿಗೂ ಜಾಗ ಕೊಟ್ಟಿತು. ಮುಂದಿನ, ಹಿಂದಿನ ಗಾಜು ಕನಿಷ್ಠ ಶೇ 70, ಪಕ್ಕದ ಗಾಜು ಕನಿಷ್ಠ ಶೇ 50 ಬೆಳಕು ಬಿಡಬೇಕು. ಈ ಮಿತಿಯೊಳಗಿನ ಫಿಲಂಗೆ ದಂಡ ಹಾಕುವಂತಿಲ್ಲವೆಂದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಅದು ಕೇರಳದ ತೀರ್ಪು, ನಮ್ಮ ಹುಡುಗರು ಕೆಲಸ ಮಾಡುವುದು ಕರ್ನಾಟಕದ ರಸ್ತೆಯ ಕಾರುಗಳಿಗೆ. ಆದ್ದರಿಂದ ಅಳತೆ ಕಾಗದದಲ್ಲಿ ಇರಲೇಬೇಕು ಎಂದು ನಾವು ಹಟ ಹಿಡಿದಿದ್ದೇವೆ.

ಈ ಅಳತೆಯಲ್ಲೇ ಎಲ್ಲರೂ ಎಡವುವುದು. ‘ಶೇ 50ರ ಫಿಲಂ ಹಾಕಿದರೆ ಕಾನೂನು ಸರಿ’ ಎಂದು ಹುಡುಗರು ನಂಬಿದ್ದರು, ಮಾರುವವರೂ ಹಾಗೇ ಹೇಳುತ್ತಾರೆ. ನಾವು ಅವರನ್ನು ಕೂರಿಸಿ ಹಳೆಯ ಕರಿಹಲಗೆ ತಂದೆವು. ಗಾಜು ತಾನೇ ಸ್ವಲ್ಪ ಬೆಳಕು ತಡೆಯುತ್ತದೆ. ಗಾಜು 80 ಬಿಟ್ಟರೆ, ಫಿಲಂ ಆ 80ರಲ್ಲಿ ಅರ್ಧ ಬಿಡುತ್ತದೆ, ಉಳಿಯುವುದು 40. ಅಪರಾಧ! ಶೇ 60ರ ಫಿಲಂ ಹಾಕಿದರೆ 48, ಅದೂ ಅಪರಾಧ. ಶೇ 70ರದು ಹಾಕಿದರೆ 56, ಪಕ್ಕದ ಗಾಜಿಗೆ ಸರಿ. ಮುಂದಿನ ಗಾಜಿಗೆ ಶೇ 90 ಬಿಡುವ ಫಿಲಮ್ಮೇ ಬೇಕು, ಆಗ 72. ಶೇಕಡಾವಾರನ್ನು ಕೂಡಿಸಬಾರದು, ಗುಣಿಸಬೇಕು. ಏಳನೇ ತರಗತಿಯ ಗಣಿತ ಗೊತ್ತಿಲ್ಲದೆ ಈ ಕೆಲಸದಲ್ಲಿ ಹಲಾಲ್ ಸಂಪಾದನೆ ಸಾಧ್ಯವೇ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ. ಬೆಳಕು ಅಳೆಯುವ ಕೈಮೀಟರನ್ನು ನಾಲ್ಕು ಮನೆಗಳಿಗೆ ಒಂದರಂತೆ ಕೊಟ್ಟಿದ್ದೇವೆ. ಅಂಟಿಸುವ ಮೊದಲು ಗಾಜು, ಅಂಟಿಸಿದ ಮೇಲೆ ಎರಡೂ ಸೇರಿ ಅಳೆದು, ರಸೀದಿಯಲ್ಲಿ ಬರೆದು ಕೊಡಬೇಕು. ಕಪ್ಪಾಗಿಯೇ ಬೇಕೆಂದು ಗಿರಾಕಿ ಹಟ ಮಾಡಿದರೆ ಕೆಲಸ ಬಿಟ್ಟು ಬರಬೇಕು. ಬಿಟ್ಟು ಬಂದವರೂ ಇದ್ದಾರೆ. ಅಂದಿನ ದುಡಿಮೆ ಹೋಯಿತು, ನಿಜ.

ಹಾಗಾದರೆ ಓದು ಬಿಟ್ಟು ಫಿಲಂ ಅಂಟಿಸಿ ಎಂದು ನಾವು ಹೇಳುತ್ತಿದ್ದೇವೆಯೇ? ಖಂಡಿತ ಇಲ್ಲ. 18 ತುಂಬದವರಿಗೆ ಉಪಕರಣ ನೆರವು ಇಲ್ಲ, ಶಿಫಾರಸು ತಂದರೂ ಇಲ್ಲ. ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ತಮ್ಮನನ್ನು ‘ಅಣ್ಣನ ಗಾಡಿ ತಳ್ಳು’ ಎಂದು ಕಳುಹಿಸಿದ ಮನೆಗೆ ಹೋಗಿ ನಾವು ಜಗಳವಾಡಿ ಬಂದಿದ್ದೇವೆ. ಮೇಜು ಕಟ್ಟಿದ ಹುಡುಗರಿಗೂ ನಾವು ಹೇಳುವುದು ಒಂದೇ: ನಿನ್ನ ಕೈ ವೆಲ್ಡಿಂಗು, ಫಿಟ್ಟಿಂಗು, ವಯರಿಂಗು ಮೂರೂ ಮಾಡಿದೆ, ಐ.ಟಿ.ಐ. ಸೇರು. ಎರಡು ವರ್ಷದ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿ ಇದೆ. ಅದರ ಶುಲ್ಕಕ್ಕೆ ನಮ್ಮ ವಿದ್ಯಾರ್ಥಿವೇತನ ಇದೆ. ಇದಕ್ಕೆ ಒಪ್ಪಿದವರು ಕಡಿಮೆ. ಮದುವೆಯಾಗಿ ಮಗುವಿರುವವನಿಗೆ ಎರಡು ವರ್ಷ ತರಗತಿಯಲ್ಲಿ ಕೂರು ಎನ್ನುವುದು ನಮಗೆ ಸುಲಭ, ಅವನಿಗಲ್ಲ. ಸಮಿತಿಯಲ್ಲೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಕೆಲವರಿಗೆ ಈ ಹಣವೆಲ್ಲ ಪುಸ್ತಕಕ್ಕೇ ಹೋಗಬೇಕೆಂಬ ಆಸೆ, ಅವರ ಮಾತನ್ನೂ ಗೌರವಿಸಿ ಉಪಕರಣದ ಲೆಕ್ಕವನ್ನು ಬೇರೆ ಪುಟದಲ್ಲಿ ಮುದ್ರಿಸಿದ್ದೇವೆ. ವಿದ್ಯಾರ್ಥಿವೇತನಕ್ಕೆಂದೇ ಸೂಚಿಸಿ ಕೊಟ್ಟ ದಾನವನ್ನು ಇದಕ್ಕೆ ಮುಟ್ಟಿಲ್ಲ.

ಇನ್ನು ಬರುವ ಸಾಲಿನ ಅರ್ಜಿದಾರರಿಗೆ ಎರಡು ಮಾತು. ‘ಖಾಸಗಿ ಕೆಲಸ’ ಎಂದು ಬರೆಯಬೇಡಿ, ಮಾಡುವ ಕೆಲಸ ಯಾವುದೋ ಅದನ್ನೇ ಬರೆಯಿರಿ, ಅದರಿಂದ ಮಗಳ ಅರ್ಜಿ ತಿರಸ್ಕಾರವಾಗುವುದಿಲ್ಲ. ಉಪಕರಣ ನೆರವು ಕೇಳುವವರು ಮೇಜಿನ ನಕ್ಷೆಯನ್ನು ಕೈಯಲ್ಲೇ ಬರೆದು, ಅಳತೆ ಹಾಕಿ ತರಬೇಕು, ಇಂಗ್ಲಿಷ್ ಬೇಡ, ಕನ್ನಡದಲ್ಲೋ ಉರ್ದುವಿನಲ್ಲೋ ಸಾಕು. ಈಗಾಗಲೇ ಮೇಜು ಕಟ್ಟಿದ್ದರೆ ಪರಿಶೀಲನೆಯ ದಿನ ಅದನ್ನೇ ತಳ್ಳಿಕೊಂಡು ಬನ್ನಿ. ಸ್ವಿಚ್ ಪೆಟ್ಟಿಗೆಯನ್ನು ನಾವು ತೆರೆದು ನೋಡುತ್ತೇವೆ. ಜೊತೆಗೆ ಮನೆಯಲ್ಲಿ ಓದುತ್ತಿರುವ ಮಕ್ಕಳ ಈ ವರ್ಷದ ಅಂಕಪಟ್ಟಿಯನ್ನೂ ತನ್ನಿ, ಎರಡು ಅರ್ಜಿಗಳನ್ನೂ ಒಂದೇ ದಿನ, ಒಂದೇ ಮೇಜಿನ ಮೇಲೆ ನೋಡುತ್ತೇವೆ.