ಕೋಳಿಯ ಪುಕ್ಕ ಉದುರುವುದೇಕೆ?



ಈ ಭಾಷಣದ ಹೆಸರನ್ನು ಕೇಳಿದೊಡನೆ ತಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ಕೋಳಿಯ ಪುಕ್ಕ ಉದುರಿದರೆ ಲೋಕಕ್ಕೇನು ನಷ್ಟವೆಂದು ನಾವೂ ಒಂದು ಕಾಲದಲ್ಲಿ ಎಣಿಸಿದ್ದವರೇ. ಆ ಉದಾಸೀನಕ್ಕೆ ಬೆಲೆಯಾಗಿ ಒಂದು ಒಳ್ಳೆಯ ಹೇಂಟೆಯನ್ನು ತೆತ್ತೆವು. ತಮ್ಮ ಹಿತ್ತಿಲಿನ ಕೋಳಿಯೊಂದಾದರೂ ಇದರಿಂದ ಉಳಿದೀತೆಂಬ ಆಸೆಯಿಂದ ಆ ಕಥೆಯನ್ನು ಹೇಳಲು ಒಪ್ಪಿದ್ದೇವೆ.

ಮೈಸೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಐದು ಹೇಂಟೆಗಳೂ ಒಂದು ಹುಂಜವೂ ಇದ್ದುವು. ಹೇಂಟೆಗಳಲ್ಲಿ ಕೆಂಪಿಯೆಂಬುದು ಮನೆಯ ಮಕ್ಕಳಿಗೆಲ್ಲ ಅಚ್ಚುಮೆಚ್ಚು. 2018ರ ಬೇಸಗೆಯಲ್ಲಿ ಒಂದು ದಿನ ಅದರ ಬೆನ್ನ ಮೇಲೆ ಅಂಗೈಯಗಲದ ಜಾಗ ಬೋಳಾಗಿರುವುದು ಕಣ್ಣಿಗೆ ಬಿತ್ತು. ಕೂಡಲೇ ಮನೆಯಲ್ಲಿ ಪಂಡಿತರ ಸಭೆ ನೆರೆಯಿತು. ಒಬ್ಬರು ಉಷ್ಣವೆಂದರು, ಒಬ್ಬರು ದೃಷ್ಟಿಯೆಂದರು, ಮತ್ತೊಬ್ಬರು ಸೀಮೆಎಣ್ಣೆ ಹಚ್ಚಿರೆಂದರು. ಈ ಕಡೆಯ ಸಲಹೆಯನ್ನು ಮಾತ್ರ ಯಾರೂ ಎಂದಿಗೂ ಅನುಸರಿಸಬಾರದು. ಸೀಮೆಎಣ್ಣೆ ಕೋಳಿಯ ಚರ್ಮವನ್ನು ಸುಡುತ್ತದೆ.

ರೋಗವಲ್ಲದ ಕಾರಣವನ್ನು ಮೊದಲು ಹೇಳಿಬಿಡುವುದು ಮೇಲು. ಹಾವು ಪೊರೆ ಬಿಡುವಂತೆ ಬೆಳೆದ ಕೋಳಿಯೂ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಹಳೆಯ ಗರಿಗಳನ್ನು ಕಳಚಿ ಹೊಸ ಗರಿಗಳನ್ನು ತಳೆಯುತ್ತದೆ. ಇದಕ್ಕೊಂದು ಕ್ರಮವುಂಟು. ಮೊದಲು ತಲೆ, ಕುತ್ತಿಗೆ, ಆಮೇಲೆ ಎದೆ, ಬೆನ್ನು, ರೆಕ್ಕೆ, ಕಡೆಗೆ ಬಾಲ. ಎಲ್ಲ ಮುಗಿಯಲು ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಗರಿಯ ಬಹುಭಾಗ ಪ್ರೋಟೀನೇ ಆದುದರಿಂದ ಮೊಟ್ಟೆಗೆ ಸಲ್ಲಬೇಕಾದ ಪೋಷಣೆಯೆಲ್ಲ ಆಗ ಗರಿಗೆ ಸಲ್ಲುತ್ತದೆ. ಮೊಟ್ಟೆ ಕಡಿಮೆಯಾಗುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ. ಅನೇಕ ಯಜಮಾನರು ಇದನ್ನು ಸೋಮಾರಿತನವೆಂದು ಬಗೆದು ಕೋಳಿಯನ್ನು ಮಾರಿಬಿಡುವುದು ಈ ಸಮಯದಲ್ಲಿಯೇ! ಶೀತದೇಶಗಳಲ್ಲಿ ಹಗಲು ಕುಗ್ಗುತ್ತ ಬಂದ ಹಾಗೆ ಕೋಳಿಗಳೆಲ್ಲ ಹೆಚ್ಚು ಕಡಮೆ ಒಟ್ಟಿಗೆ ಗರಿ ಬಿಡುತ್ತವೆ. ಮೈಸೂರಿನಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಆದಕಾರಣ ನಮ್ಮ ಕೋಳಿಗಳು ಪಂಚಾಂಗವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ. ಬೋಳಾದ ಕಡೆ ಚರ್ಮ ಶುಭ್ರವಾಗಿದ್ದು, ಮುಳ್ಳಿನಂತಹ ಎಳೆಗರಿಗಳು ಮೂಡುತ್ತಿದ್ದರೆ ಗಾಬರಿಗೆ ಕಾರಣವಿಲ್ಲ. ಆ ಎಳೆಗರಿಗಳೊಳಗೆ ರಕ್ತವಾಡುತ್ತಿರುವುದರಿಂದ ಮುಟ್ಟಿದರೆ ನೋವಾಗುತ್ತದೆ. ಕೋಳಿಯನ್ನು ಎತ್ತಿ ಮುದ್ದಿಸದೆ, ಒಣಮೀನಿನ ಪುಡಿಯನ್ನೋ ಕಡಲೆಕಾಯಿ ಹಿಂಡಿಯನ್ನೋ ಆಹಾರದೊಡನೆ ಬೆರಸಿ ಕೊಟ್ಟರೆ ಸಾಕು.

ಕೆಂಪಿಯಲ್ಲಿ ಈ ಕ್ರಮ ಕಾಣಲಿಲ್ಲ. ತಲೆ ಕುತ್ತಿಗೆಗಳು ತುಂಬಿದ್ದುವು. ಬೆನ್ನು ಮಾತ್ರ ಬೋಳು. ಹೀಗೆ ಒಂದೇ ಎಡೆಯಲ್ಲಿ ಗರಿ ಹೋಗಿದ್ದರೆ ಆ ಎಡೆಯೇ ಅರ್ಧ ಉತ್ತರವನ್ನು ಹೇಳುತ್ತದೆ. ಬೆನ್ನೂ ತಲೆಯ ಹಿಂಭಾಗವೂ ಬೋಳಾದರೆ ಅದು ಹುಂಜದ ಕೆಲಸ. ಕೂಡುವಾಗ ಅದು ಕೊಕ್ಕಿನಿಂದ ತಲೆಯನ್ನು ಹಿಡಿದು ಉಗುರುಗಳನ್ನು ಬೆನ್ನಿಗೆ ಊರುತ್ತದೆ. ಬಾಲದ ಬುಡವೋ ಗುದದ ಸುತ್ತವೋ ಬೋಳಾಗಿ ರಕ್ತ ಜಿನುಗಿದ್ದರೆ ಸವತಿಯರ ಕೊಕ್ಕನ್ನು ಶಂಕಿಸಬೇಕು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬುದಕ್ಕೆ ನಿಶ್ಚಿತವಾದ ಮೇಲು ಕೀಳುಗಳಿವೆಯೆಂದು ನಾರ್ವೆ ದೇಶದ ಷೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸರು 1922ರಲ್ಲಿಯೇ ಬರೆದಿದ್ದಾರೆ. ಗೂಡು ಇಕ್ಕಟ್ಟಾದರೆ ಕೆಳಗಿನದಕ್ಕೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ. ಎದೆ ಬೋಳಾಗಿದ್ದರೆ ಕಾವಿಗೆ ಕೂರುವ ಹೇಂಟೆಯಿರಬಹುದು. ಮೊಟ್ಟೆಗೆ ಮೈಯ ಬಿಸಿ ತಾಕಲೆಂದು ಅದು ತನ್ನ ಗರಿಯನ್ನು ತಾನೇ ಕೀಳುವುದುಂಟು. ಇನ್ನು ಕುತ್ತಿಗೆ ಬೋಳಾಗಿಯೇ ಹುಟ್ಟುವ ಕೋಳಿಗಳೂ ಇವೆ. ನಮ್ಮ ಮಿತ್ರರೊಬ್ಬರು ಅಂತಹದೊಂದರ ಕುತ್ತಿಗೆಗೆ ಒಂದು ತಿಂಗಳು ಬೇವಿನ ಎಣ್ಣೆ ತಿಕ್ಕಿ ದೇವರ ಸೃಷ್ಟಿಯನ್ನು ತಿದ್ದಲು ಯತ್ನಿಸಿದರು.

ಈ ತರ್ಕದಂತೆ ನಾವು ಹುಂಜಕ್ಕೆ ಶಿಕ್ಷೆ ವಿಧಿಸಿದೆವು. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿರಬೇಕು, ನಮ್ಮಲ್ಲಿದ್ದುದು ಐದು. ಅದನ್ನು ಹಳ್ಳಿಯ ನೆಂಟರ ಮನೆಗೆ ಕಳುಹಿಸಿದೆವು. ಸಮಸ್ಯೆಯನ್ನು ಬಿಡಿಸಿದೆವೆಂಬ ಹೆಮ್ಮೆ ನಮ್ಮದಾಯಿತು.

ಅಷ್ಟರಲ್ಲಿ ಕೆಂಪಿ ಕಾವಿಗೆ ಕುಳಿತಿತು. ಎದೆಯ ಗರಿಯೂ ಹೋಯಿತು. ಕಾವಿನ ಹೇಂಟೆಗೆ ಇದು ಸಹಜವೆಂದು ಸಮಾಧಾನ ಹೇಳಿಕೊಂಡೆವು. ಕೆಂಪಗಿದ್ದ ಜುಟ್ಟು ದಿನದಿನಕ್ಕೆ ಬಿಳುಪೇರಿತು. ಮೇವು ಸೇರದೆಂದು ಅದಕ್ಕೂ ಅರ್ಥ ಹಚ್ಚಿದೆವು. ಹದಿನೈದನೆಯ ಬೆಳಗ್ಗೆ ಅದು ಮೊಟ್ಟೆಗಳ ಮೇಲೆ ಕುಳಿತಂತೆಯೇ ಸತ್ತಿತ್ತು.

ನಮಗೆ ಕೋಳಿ ಮಾರಿದ್ದ ಮುದುಕಿಯು ಅದನ್ನು ನೋಡಿ, “ಹಗಲೊತ್ತು ಕೋಳಿ ಮೈ ನೋಡಿದ್ರೆ ಏನ್ ಬಂತು ಸ್ವಾಮಿ? ರಾತ್ರಿ ಗೂಡು ನೋಡಿದ್ರಾ?” ಎಂದಳು. ನೋಡಿರಲಿಲ್ಲ. ಅಂದು ರಾತ್ರಿ ಒಂಬತ್ತು ಗಂಟೆಗೆ ಟಾರ್ಚು ಹಿಡಿದು ಹೋಗಿ, ಕೋಳಿಗಳು ಕೂರುವ ಅಡ್ಡಗೋಲಿನ ತಳವನ್ನು ಬಿಳಿಯ ಬಟ್ಟೆಯಿಂದ ಒರಸಿದೆವು. ಬಟ್ಟೆಯ ಮೇಲೆ ಕುಂಕುಮ ಚೆಲ್ಲಿದಂತೆ ಕೆಂಪು ಗೆರೆಗಳು ಬಿದ್ದುವು. ಅದು ಕೋಳಿಗಳ ರಕ್ತ.

ಕೆಂಪು ನುಸಿಯೆಂಬ ಈ ಜೀವಿಯು ಒಂದು ಮಿಲಿಮೀಟರಿಗಿಂತ ಚಿಕ್ಕದು. ಹೇನಾದರೆ ಕೋಳಿಯ ಮೈಮೇಲೆಯೇ ವಾಸಿಸಿ, ಗರಿಯ ಬುಡಕ್ಕೆ ಬಿಳಿಯ ಮೊಟ್ಟೆಗಳನ್ನು ಗೊಂಚಲಾಗಿ ಅಂಟಿಸುತ್ತದೆ, ಹಗಲಿನಲ್ಲಿಯೇ ಸಿಕ್ಕಿಬೀಳುತ್ತದೆ. ನುಸಿಯು ಹಗಲೆಲ್ಲ ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ಹೊರಬಂದು ರಕ್ತ ಹೀರುತ್ತದೆ. ಆ ತುರಿಕೆಗೆ ಕೋಳಿ ತನ್ನ ಗರಿಯನ್ನು ತಾನೇ ಕೊಕ್ಕಿನಿಂದ ಕೀಳುತ್ತದೆ. ಇತರ ಕೋಳಿಗಳಿಗೆ ಹಗಲಾದರೂ ಬಿಡುವುಂಟು; ಹಗಲಿರುಳೂ ಕತ್ತಲೆಯ ಮೂಲೆಯಲ್ಲಿ ಕುಳಿತ ಕಾವಿನ ಹೇಂಟೆಗೆ ಅದೂ ಇಲ್ಲ.

ಬೆನ್ನಿನ ಮಟ್ಟಿಗೆ ಹುಂಜ ನಿರಪರಾಧಿಯೆಂದು ನಾವು ಈಗಲೂ ಹೇಳುವುದಿಲ್ಲ. ಒಂದು ಕಾರಣ ಸಿಕ್ಕಿತೆಂದು ಎರಡನೆಯದನ್ನು ಹುಡುಕದೆ ಹೋದುದು ನಮ್ಮ ತಪ್ಪು.

ಮರುದಿನ ಗೂಡಿನ ಹುಲ್ಲನ್ನೆಲ್ಲ ಸುಟ್ಟೆವು. ಅಡ್ಡಗೋಲುಗಳನ್ನು ಕಳಚಿ ಸಂದುಸಂದಿಗೂ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿದೆವು. ಕೋಳಿಗಳ ಮೈಗೆ ಪಶುವೈದ್ಯರು ಹೇಳಿದ ಔಷಧವನ್ನು ಅವರು ಹೇಳಿದ ಅಳತೆಯಲ್ಲಿಯೇ ಹಾಕಿದೆವು. ಸೆಕೆಯ ದಿನಗಳಲ್ಲಿ ನುಸಿಯ ಹೊಸ ಪೀಳಿಗೆ ಒಂದೇ ವಾರದಲ್ಲಿ ಬೆಳೆಯಬಲ್ಲದಾದ್ದರಿಂದ ಏಳೇಳು ದಿನಗಳಿಗೊಮ್ಮೆ ಇದೇ ಕೆಲಸವನ್ನು ನಾಲ್ಕು ಸಲ ಮಾಡಿದೆವು. ಗೂಡನ್ನು ಬರಿದಾಗಿ ಬಿಟ್ಟರೆ ನುಸಿ ಸಾಯುವುದೆಂದು ನಂಬಬೇಡಿರಿ; ಅದು ಉಪವಾಸವಾಗಿ ತಿಂಗಳುಗಟ್ಟಲೆ ಬದುಕಬಲ್ಲದು.

ಉಳಿದ ನಾಲ್ಕು ಹೇಂಟೆಗಳ ಜುಟ್ಟು ಕ್ರಮೇಣ ಕೆಂಪಾಯಿತು, ಮೊಟ್ಟೆಯೂ ಮರಳಿತು. ಬಿಳಿಯ ಬಟ್ಟೆಯೊಂದು ಅಂದಿನಿಂದ ಗೂಡಿನ ಬಾಗಿಲಲ್ಲಿಯೇ ತೂಗುತ್ತಿದೆ. ಶನಿವಾರ ರಾತ್ರಿ ಅಡ್ಡಗೋಲನ್ನು ಒರಸಿ ನೋಡುವ ಕೆಲಸ ಮಕ್ಕಳದು.