ಸಂಖ್ಯೆ ಅಳಿಸಿದ ಮೇಲೆ ಪಾಸಾದ ಕಾನೂನು

ಮೊನ್ನೆ ರೈಲ್ವೆ ಸ್ಟೇಷನ್ನಲ್ಲಿ ಒಬ್ಬ ವೀಕ್ಷಕರು ಸಿಕ್ಕಿದ್ರು. ಗುರುತು ಹಿಡಿದು ಹತ್ತಿರ ಬಂದವರು ನೇರವಾಗಿ ಕೇಳಿಯೇಬಿಟ್ಟರು. ‘ಸಾರ್, ಈ ವಿರೋಧ ಪಕ್ಷದವರು ಸಂಸತ್ತಿನಲ್ಲಿ ಮಾತಾಡಿ ಏನ್ ಪ್ರಯೋಜನ? ಸರ್ಕಾರಕ್ಕೆ ಬಹುಮತ ಇದೆ. ಅವರಿಗೆ ಬೇಕಾದ್ದು ಪಾಸಾಗುತ್ತೆ, ಬೇಡದ್ದು ಬಿದ್ದುಹೋಗುತ್ತೆ. ಇವರಿಗೆ ಸಂಬಳ ಯಾಕೆ?’ ನನ್ನ ಹತ್ರ ಉತ್ತರ ಇರಲಿಲ್ಲ. ಅಷ್ಟರಲ್ಲಿ ರೈಲು ಬಂತು, ಬಚಾವಾದೆ.

ರೈಲಿನಲ್ಲಿ ಕೂತಮೇಲೆ ನೆನಪಾದದ್ದು ಇನ್ನೊಂದು ರೈಲ್ವೆ ಸ್ಟೇಷನ್. ಚೆಕ್ ದೇಶದ ಪ್ರಾಗ್ ನಗರ. 1939ರ ಬೇಸಿಗೆ. ಪ್ಲಾಟ್‌ಫಾರಂ ಮೇಲೆ ನಾಜಿ ಸೈನಿಕರು ನಿಂತಿದ್ದಾರೆ. ರೈಲಿನ ತುಂಬಾ ಮಕ್ಕಳು, ಹೆಚ್ಚಿನವರು ಯಹೂದಿ ಮಕ್ಕಳು. ಅಪ್ಪ ಅಮ್ಮಂದಿರು ಕೆಳಗೇ ನಿಂತಿದ್ದಾರೆ. ಅವರಿಗೆ ಆ ರೈಲು ಹತ್ತೋ ಹಾಗಿಲ್ಲ. ಅದರೊಳಗೆ ಆರು ವರ್ಷದ ಒಬ್ಬ ಹುಡುಗ, ಹೆಸರು ಆಲ್ಫ್ ಡಬ್ಸ್. ಅಮ್ಮ ಬುತ್ತಿ ಕಟ್ಟಿ ಬೆನ್ನಿಗೆ ಚೀಲ ಹಾಕಿ ಕಳಿಸಿದ್ರು. ಎರಡು ದಿನದ ಪ್ರಯಾಣದಲ್ಲಿ ಆ ಹುಡುಗ ಬುತ್ತಿ ಬಿಚ್ಚಲೇ ಇಲ್ಲ. ಹಾಲೆಂಡ್ ಗಡಿ ದಾಟಿದಾಗ ದೊಡ್ಡ ಮಕ್ಕಳೆಲ್ಲ ಖುಷಿಯಿಂದ ಕೂಗಾಡಿದರು. ಇವನಿಗೆ ಯಾಕೆ ಅಂತ ಅರ್ಥ ಆಗಲಿಲ್ಲ. ಹಾಲೆಂಡ್ ಅಂದ್ರೆ ಗಾಳಿಗಿರಣಿ, ಮರದ ಚಪ್ಪಲಿ ಅಂತ ಕೇಳಿದ್ದ, ಕಿಟಕಿಯಲ್ಲಿ ಅದನ್ನೇ ಹುಡುಕುತ್ತಾ ಕೂತಿದ್ದ. ಡಬ್ಸ್ ಅವರೇ ಇದನ್ನ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅಪ್ಪ ಮೊದಲೇ ಲಂಡನ್ ಸೇರಿಕೊಂಡಿದ್ದರು. ಅಮ್ಮ ಯುದ್ಧ ಶುರುವಾಗೋಕೆ ಸ್ವಲ್ಪ ಮುಂಚೆ ಹೇಗೋ ಬಂದು ತಲುಪಿದರು. ಆ ರೈಲುಗಳಲ್ಲಿದ್ದ ಬಹಳಷ್ಟು ಮಕ್ಕಳಿಗೆ ಈ ಅದೃಷ್ಟ ಇರಲಿಲ್ಲ.

ಈ ಮಕ್ಕಳನ್ನು ಉಳಿಸುವ ಕೆಲಸ ಮಾಡಿದವರಲ್ಲಿ ಮುಖ್ಯರಾದವರು ನಿಕೋಲಸ್ ವಿಂಟನ್, ಲಂಡನ್ನಿನ ಷೇರುಪೇಟೆಯಲ್ಲಿದ್ದ ಯುವಕ. ಹೀಗೆ ಪ್ರಾಗ್‌ನಿಂದ ಪಾರಾದವರು 669 ಮಕ್ಕಳು. 1939ರ ಸೆಪ್ಟೆಂಬರ್ 1ಕ್ಕೆ ಇನ್ನೊಂದು ರೈಲು ಹೊರಡಬೇಕಿತ್ತು, ಸುಮಾರು 250 ಮಕ್ಕಳಿದ್ದರು. ಅವತ್ತೇ ಯುದ್ಧ ಶುರುವಾಯ್ತು. ರೈಲು ಹೊರಡಲಿಲ್ಲ.

ವಿಂಟನ್ ಇದರ ಬಗ್ಗೆ ದೊಡ್ಡದಾಗಿ ಯಾರಿಗೂ ಹೇಳಿಕೊಳ್ಳಲಿಲ್ಲ. ಜಗತ್ತಿಗೆ ಗೊತ್ತಾಗಿದ್ದು 1988ರಲ್ಲಿ, ಬಿಬಿಸಿಯ ಒಂದು ಟಿವಿ ಕಾರ್ಯಕ್ರಮದಿಂದ. ವಿಂಟನ್ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಾರೆ. ಇವರಿಂದ ಜೀವ ಉಳಿದವರು ಇಲ್ಲಿ ಯಾರಾದ್ರೂ ಇದ್ದರೆ ಎದ್ದು ನಿಲ್ಲಿ ಅಂತ ನಿರೂಪಕಿ ಕೇಳ್ತಾರೆ. ಸುತ್ತ ಕೂತವರೆಲ್ಲ ಎದ್ದು ನಿಲ್ತಾರೆ. ನಮ್ಮ ವೃತ್ತಿಯ ಬಗ್ಗೆ ನನಗೇ ಬೇಜಾರಾದಾಗ ನಾನು ಆ ದೃಶ್ಯ ಹಾಕಿಕೊಂಡು ನೋಡ್ತೀನಿ. ಟಿವಿ ಅಂದ್ರೆ ಇದನ್ನೂ ಮಾಡಬಹುದು ಸ್ವಾಮಿ.

ಇರಲಿ, ಡಬ್ಸ್ ವಿಷಯಕ್ಕೆ ಬರೋಣ. ಆ ಹುಡುಗ ದೊಡ್ಡವನಾಗಿ ಲೇಬರ್ ಪಕ್ಷ ಸೇರಿದರು. 1979ರಲ್ಲಿ ಲಂಡನ್ನಿನ ಬ್ಯಾಟರ್ಸೀಯಿಂದ ಗೆದ್ದು ಸಂಸದರಾದರು, 1987ರಲ್ಲಿ ಸೋತರು. ಸೋತ ಮೇಲೆ ನಿರಾಶ್ರಿತರ ಮಂಡಳಿಯ ನಿರ್ದೇಶಕರಾಗಿ ಏಳು ವರ್ಷ ಕೆಲಸ ಮಾಡಿದರು. 1994ರಲ್ಲಿ ಮೇಲ್ಮನೆಗೆ, ಅಂದರೆ ಹೌಸ್ ಆಫ್ ಲಾರ್ಡ್ಸ್‌ಗೆ ನೇಮಕವಾದರು. ಅಲ್ಲಿಗೆ ಜನ ಓಟು ಹಾಕಿ ಕಳಿಸೋದಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಅದು ಸರಿಯಾ ಅಂದ್ರೆ ನನಗೂ ಸರಿ ಅನಿಸೋದಿಲ್ಲ. ಆದ್ರೆ ಈ ಕಥೆಯಲ್ಲಿ ಓಟು ಪಡೆದ ಮನೆಗಿಂತ ಓಟು ಪಡೆಯದ ಮನೆಯೇ ಮಕ್ಕಳ ಪರ ನಿಂತಿತು. ಏನ್ ಮಾಡೋದು?

2015ರ ಸೆಪ್ಟೆಂಬರ್ ನೆನಪಿದೆಯಾ? ಟರ್ಕಿಯ ಕಡಲತೀರದಲ್ಲಿ ಕೆಂಪು ಅಂಗಿ ತೊಟ್ಟ ಸಿರಿಯಾದ ಮಗುವೊಂದು ಮಕಾಡೆ ಬಿದ್ದಿದ್ದ ಫೋಟೋ. ಅವತ್ತು ನಮ್ಮ ನ್ಯೂಸ್‌ರೂಮಿನಲ್ಲಿ ಅದನ್ನ ಬ್ಲರ್ ಮಾಡಬೇಕೋ ಬೇಡವೋ ಅಂತ ಅರ್ಧ ಗಂಟೆ ಜಗಳ ಆಯ್ತು. ಮಾರನೇ ವಾರ ನಾವು ಬೇರೆ ಸುದ್ದಿಗೆ ಹೋದ್ವಿ. ಡಬ್ಸ್ ಹೋಗಲಿಲ್ಲ.

ಆ ವರ್ಷ ಹೆತ್ತವರಿಲ್ಲದೆ ಒಂಟಿಯಾಗಿ ಯುರೋಪಿಗೆ ಬಂದ ಮಕ್ಕಳು ಸುಮಾರು 26 ಸಾವಿರ ಅಂತ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆ ಅಂದಾಜು ಮಾಡಿತ್ತು. ಬ್ರಿಟನ್ನಿನ ಪಾಲು 3,000 ಅಂತ ಲೆಕ್ಕ ಹಾಕಿತ್ತು. ಕನಿಷ್ಠ 10 ಸಾವಿರ ಮಕ್ಕಳು ಯುರೋಪಿಗೆ ಬಂದ ಮೇಲೆ ಕಣ್ಮರೆಯಾಗಿದ್ದಾರೆ ಅಂತ 2016ರ ಜನವರಿಯಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಹೇಳಿತು. ಆ ಹೊತ್ತಿಗೆ ಕನ್ಸರ್ವೇಟಿವ್ ಸರ್ಕಾರದ ವಲಸೆ ಮಸೂದೆ ಸಂಸತ್ತಿನಲ್ಲಿತ್ತು. ಡಬ್ಸ್ ಅದಕ್ಕೊಂದು ತಿದ್ದುಪಡಿ ತಂದರು. ಯುರೋಪಿನಲ್ಲಿರುವ 3,000 ಒಂಟಿ ಮಕ್ಕಳನ್ನು ಬ್ರಿಟನ್ ಕರೆಸಿಕೊಳ್ಳಬೇಕು, ಅಷ್ಟೇ.

ಗೃಹ ಸಚಿವೆ ಥೆರೆಸಾ ಮೇ ಕರೆಸಿ, ವಾಪಸ್ ತಗೊಳ್ಳಿ ಅಂದರು. ಇವರು ಒಪ್ಪಲಿಲ್ಲ. ಸರ್ಕಾರದ ವಾದವನ್ನೂ ನಾವು ಕೇಳಬೇಕು, ಅದು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಯುರೋಪಿನಿಂದ ಮಕ್ಕಳನ್ನ ಕರೆಸಿಕೊಂಡರೆ ಇನ್ನಷ್ಟು ಜನ ಮಕ್ಕಳನ್ನ ದೋಣಿ ಹತ್ತಿಸ್ತಾರೆ, ಕಳ್ಳಸಾಗಣೆಯವರಿಗೆ ಹಬ್ಬ. ಅದರ ಬದಲು ಸಿರಿಯಾ ಸುತ್ತಲಿನ ಶಿಬಿರಗಳಿಂದಲೇ ನೇರವಾಗಿ ಕರೆತರೋಣ ಅನ್ನೋದು ಅವರ ಮಾತು. ಸರಿ, ಆದ್ರೆ ಈಗಾಗಲೇ ಫ್ರಾನ್ಸಿನ ಕ್ಯಾಲೆಯ ಕೆಸರಿನಲ್ಲಿ ಟೆಂಟು ಹಾಕಿಕೊಂಡು ಒಬ್ಬನೇ ಮಲಗೋ ಹುಡುಗನಿಗೆ ಏನು ಹೇಳ್ತೀರಿ? ಈ ಪ್ರಶ್ನೆಗೆ ಸರ್ಕಾರದ ಹತ್ರ ಉತ್ತರ ಇರಲಿಲ್ಲ.

ಮೇಲ್ಮನೆ ತಿದ್ದುಪಡಿ ಪಾಸು ಮಾಡಿತು. ಏಪ್ರಿಲ್ 25ರಂದು ಕೆಳಮನೆ 294ಕ್ಕೆ 276 ಮತಗಳಿಂದ ಬೀಳಿಸಿತು. ಹದಿನೆಂಟೇ ಓಟಿನ ಅಂತರ. ಅಲ್ಲಿನ ಪದ್ಧತಿಯಲ್ಲಿ ಮಸೂದೆ ಎರಡು ಮನೆಗಳ ನಡುವೆ ಚೆಂಡಿನ ಹಾಗೆ ಆಚೆ ಈಚೆ ಹೋಗುತ್ತೆ. ಅದಕ್ಕೆ ಅವರು ಪಿಂಗ್ ಪಾಂಗ್ ಅಂತಲೇ ಕರೀತಾರೆ. ಮಾರನೇ ದಿನ ಡಬ್ಸ್ ಹೊಸ ಒಕ್ಕಣೆ ತಂದರು. 3,000 ಅನ್ನೋ ಸಂಖ್ಯೆಯನ್ನೇ ತೆಗೆದುಹಾಕಿದ್ದರು. ಎಷ್ಟು ಮಕ್ಕಳು ಅನ್ನೋದನ್ನ ಸ್ಥಳೀಯ ಆಡಳಿತಗಳ ಜೊತೆ ಮಾತಾಡಿ ಸರ್ಕಾರವೇ ನಿಗದಿ ಮಾಡಲಿ. ಮೇಲ್ಮನೆ ಮತ್ತೆ ಪಾಸು ಮಾಡಿತು. ಈಗ ಸ್ವಂತ ಪಕ್ಷದವರೇ ತಿರುಗಿಬೀಳುವ ಲಕ್ಷಣ ಕಂಡಿತು. ಮೇ 4ರಂದು ಪ್ರಧಾನಿ ಡೇವಿಡ್ ಕ್ಯಾಮರಾನ್ ಮಣಿದರು. 2016ರ ವಲಸೆ ಕಾಯ್ದೆಯ 67ನೇ ಸೆಕ್ಷನ್ ಅದು. ಜನ ಇವತ್ತಿಗೂ ‘ಡಬ್ಸ್ ತಿದ್ದುಪಡಿ’ ಅಂತಾರೆ.

ನಮ್ಮಲ್ಲಿ 1970ರ ನಂತರ ಮಂತ್ರಿಯಲ್ಲದ ಸದಸ್ಯರೊಬ್ಬರು ತಂದ ಮಸೂದೆ ಎರಡೂ ಸದನ ದಾಟಿ ಕಾನೂನಾಗಿಲ್ಲ. ಅದು ಪೂರ್ತಿ ಮಸೂದೆಯ ಲೆಕ್ಕ, ಇದು ಬರೀ ತಿದ್ದುಪಡಿ, ಒಪ್ಪಿದೆ. ಆದರೂ ವಿರೋಧ ಪಕ್ಷದ 83 ವರ್ಷದ ಒಬ್ಬರು ಬಹುಮತದ ಸರ್ಕಾರದ ಕೈಯಲ್ಲಿ ಸಹಿ ಹಾಕಿಸಿಕೊಂಡರು ಅಂದ್ರೆ ಸಣ್ಣ ಮಾತಲ್ಲ.

ಇಲ್ಲಿಗೇ ನಿಲ್ಲಿಸಿದ್ರೆ ಒಳ್ಳೇ ಕಥೆ. ಆದರೆ ಆಮೇಲೆ ಏನಾಯ್ತು ನೋಡಿ.

2017ರ ಫೆಬ್ರವರಿಯಲ್ಲಿ ಸರ್ಕಾರ ಒಂದು ಲಿಖಿತ ಹೇಳಿಕೆ ಕೊಟ್ಟಿತು. ಸ್ಥಳೀಯ ಆಡಳಿತಗಳ ಹತ್ರ ಜಾಗ ಇರೋದು ಇಷ್ಟೇ, ಯೋಜನೆ 350 ಮಕ್ಕಳಿಗೆ ಮುಗಿಯುತ್ತೆ ಅಂತ. ಎರಡು ತಿಂಗಳಾದ ಮೇಲೆ, ಲೆಕ್ಕದಲ್ಲಿ ತಪ್ಪಾಗಿತ್ತು, ಇನ್ನೂ 130 ಜಾಗ ಇವೆ ಅಂದರು. ಎಣಿಸೋಕೂ ಬರಲಿಲ್ಲ ಅಂದ್ರೆ ನೋಡಿ! ಒಟ್ಟು 480. ಆ 480 ಮಕ್ಕಳು ಬಂದು ಮುಗಿಯುವಷ್ಟರಲ್ಲಿ 2020 ಬಂತು. 3,000 ಎಲ್ಲಿ, 480 ಎಲ್ಲಿ.

ಯಾವ ಸಂಖ್ಯೆಯನ್ನು ಅಳಿಸಿದ್ದರಿಂದ ಕಾನೂನು ಪಾಸಾಯ್ತೋ, ಆ ಸಂಖ್ಯೆ ಇಲ್ಲದ್ದರಿಂದಲೇ ಸರ್ಕಾರ ಅದನ್ನ ಕತ್ತರಿಸೋಕೂ ಸಾಧ್ಯವಾಯ್ತು. ಹಾಗಾದ್ರೆ ಡಬ್ಸ್ ಮಾಡಿದ್ದು ತಪ್ಪಾ? 3,000ಕ್ಕೇ ಪಟ್ಟು ಹಿಡಿದಿದ್ದರೆ ಮಸೂದೆ ಮತ್ತೆ ಬೀಳುವ ಸಾಧ್ಯತೆಯೇ ಹೆಚ್ಚಿತ್ತು, ಟಿವಿಯಲ್ಲಿ ನಾಲ್ಕು ದಿನ ಹೆಸರು ಬರ್ತಿತ್ತು, ಮಕ್ಕಳು ಬರ್ತಿರಲಿಲ್ಲ. ಪಟ್ಟು ಹಿಡಿದು ಸೋಲೋದು ನೋಡೋಕೆ ಚೆನ್ನಾಗಿರುತ್ತೆ, ನಮ್ಮಂಥವರಿಗೆ ಟಿಆರ್‌ಪಿ ಕೂಡ. ನಾನು 480ರ ಪರ. ಅದರ ಜೊತೆಗೇ, ಬಾಕಿ ಉಳಿದ 2,520ರ ಲೆಕ್ಕವನ್ನ ಮರೆಯಬೇಡಿ ಅಂತಲೂ ಹೇಳ್ತೀನಿ.

ಆ ಹೊತ್ತಿಗೆ ಬ್ರಿಟನ್ ಯುರೋಪಿನ ಒಕ್ಕೂಟ ಬಿಡಲು ಹೊರಟಿತ್ತು. ಒಕ್ಕೂಟದ ಡಬ್ಲಿನ್ ನಿಯಮದ ಪ್ರಕಾರ, ಗ್ರೀಸ್‌ನಲ್ಲೋ ಇಟಲಿಯಲ್ಲೋ ಒಂಟಿಯಾಗಿ ಸಿಕ್ಕಿಬಿದ್ದ ಮಗುವಿಗೆ ಬ್ರಿಟನ್ನಿನಲ್ಲಿ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಅಲ್ಲಿಗೆ ಹೋಗಿ ಸೇರಬಹುದಿತ್ತು. ಒಕ್ಕೂಟ ಬಿಟ್ಟರೆ ಈ ದಾರಿಯೂ ಹೋಗುತ್ತೆ. 2018ರ ಬ್ರೆಕ್ಸಿಟ್ ಕಾನೂನಿನಲ್ಲಿ ಡಬ್ಸ್ ಮತ್ತೊಂದು ಸೆಕ್ಷನ್ ಸೇರಿಸಿದರು. ಇದಕ್ಕಾಗಿ ಯುರೋಪಿನ ಜೊತೆ ಒಪ್ಪಂದಕ್ಕೆ ಪ್ರಯತ್ನಿಸಬೇಕು ಅಂತ. 2019ರ ಡಿಸೆಂಬರ್‌ನಲ್ಲಿ ಬೋರಿಸ್ ಜಾನ್ಸನ್ ಭಾರೀ ಬಹುಮತದಿಂದ ಗೆದ್ದರು. ಮಕ್ಕಳ ಬಗ್ಗೆ ನಮಗೂ ಕಾಳಜಿ ಇದೆ, ಕಾನೂನಿನಲ್ಲಿ ಬರೆದು ಕೈ ಕಟ್ಟಬೇಡಿ ಅಂತ ಆ ಸೆಕ್ಷನ್ ತೆಗೆದರು. 2020ರ ಜನವರಿ 21ರಂದು ಮೇಲ್ಮನೆ 300ಕ್ಕೆ 220 ಮತಗಳಿಂದ ಅದನ್ನ ವಾಪಸ್ ಸೇರಿಸಿತು. ಮಾರನೇ ದಿನವೇ ಕೆಳಮನೆ 342ಕ್ಕೆ 254ರಿಂದ ಕಿತ್ತುಹಾಕಿತು. ಈ ಸಲ ಸರ್ಕಾರ ಮಣಿಯಲಿಲ್ಲ, ಮಣಿಯುವ ಅಗತ್ಯವೂ ಇರಲಿಲ್ಲ. ಸಂಖ್ಯಾಬಲ ಹಾಗಿತ್ತು. ಆ ವರ್ಷದ ಕೊನೆಯ ದಿನ ಡಬ್ಲಿನ್ ದಾರಿಯೂ ಮುಚ್ಚಿತು.

ಅದೇ ಹೊತ್ತಿಗೆ ಮುಚ್ಚಿದ ಇನ್ನೊಂದು ಬಾಗಿಲು ಕಲಾವಿದರದ್ದು. ಅಲ್ಲಿವರೆಗೆ ಬ್ರಿಟನ್ನಿನ ಸಂಗೀತಗಾರರು ವಾದ್ಯಗಳನ್ನ ವ್ಯಾನಿಗೆ ಹಾಕ್ಕೊಂಡು ಪ್ಯಾರಿಸ್, ಬರ್ಲಿನ್ ಅಂತ ಸುತ್ತುತ್ತಿದ್ದರು. ಈಗ ದೇಶಕ್ಕೊಂದು ನಿಯಮ, ವಾದ್ಯಗಳಿಗೆ ಕಾಗದಪತ್ರ, ಸಾಮಾನು ಹೊತ್ತ ದೊಡ್ಡ ಲಾರಿ ಎಷ್ಟು ಊರಲ್ಲಿ ನಿಲ್ಲಬಹುದು ಅಂತಲೂ ಮಿತಿ. ನೀವು ಒಪ್ಪಲಿಲ್ಲ ಅಂತ ಲಂಡನ್, ನೀವೇ ಒಪ್ಪಲಿಲ್ಲ ಅಂತ ಬ್ರಸೆಲ್ಸ್. ವೀಸಾ ಬೇಡ ಅಂತ ಕೇಳಿದ ಅರ್ಜಿಗೆ 2.8 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಪ್ರಶ್ನೆ ಕೇಳಿದವರಲ್ಲಿ ಇಲ್ಲೂ ಮೇಲ್ಮನೆಯ ವಿರೋಧ ಪಕ್ಷದವರಿದ್ದರು.

ನಿರಾಶ್ರಿತ ಮಕ್ಕಳಿಗೂ ಹಾಡುಗಾರರಿಗೂ ಏನ್ರೀ ಸಂಬಂಧ ಅಂತ ಕೇಳಬಹುದು. ಇದೆ. ನಾಟಿಂಗ್‌ಹ್ಯಾಮ್‌ನ ಕಾರ್ಖಾನೆ ಕೆಲಸಗಾರನ ಬದುಕನ್ನ ಇಂಗ್ಲಿಷ್ ತೆರೆಗೆ ತಂದ ‘ಸ್ಯಾಟರ್ಡೇ ನೈಟ್ ಅಂಡ್ ಸಂಡೇ ಮಾರ್ನಿಂಗ್’ ಸಿನಿಮಾದ ನಿರ್ದೇಶಕ ಕಾರೆಲ್ ರೈಸ್. ಅವರು ಹುಟ್ಟು ಇಂಗ್ಲಿಷಿನವರಲ್ಲ, ವಿಂಟನ್ ಉಳಿಸಿದ 669 ಮಕ್ಕಳಲ್ಲಿ ಒಬ್ಬರು. ಹೆತ್ತವರು ಆಶ್ವಿಟ್ಜ್‌ನಲ್ಲಿ ತೀರಿಹೋದರು. ಇನ್ನೊಂದು ನೋಡಿ. ಬ್ರಿಟನ್ನಿನ ಹೆಮ್ಮೆ ಅನಿಸಿಕೊಂಡ ಅಮಾಡಿಯಸ್ ಕ್ವಾರ್ಟೆಟ್, ನಾಲ್ವರ ತಂತಿವಾದ್ಯ ತಂಡ. ಅವರಲ್ಲಿ ಮೂವರು ವಿಯೆನ್ನಾದಿಂದ ಓಡಿಬಂದ ಯಹೂದಿ ಹುಡುಗರು. 1940ರಲ್ಲಿ ‘ಶತ್ರು ದೇಶದವರು’ ಅಂತ ಬ್ರಿಟನ್ನೇ ಅವರನ್ನ ಹಿಡಿದು ಶಿಬಿರಕ್ಕೆ ಹಾಕಿತ್ತು. ಅವರ ಪರಿಚಯ ಆದದ್ದೇ ಆ ಶಿಬಿರಗಳಲ್ಲಿ! ಗಡಿಯಲ್ಲಿ ನಿಂತ ಮಗುವಿನ ಕೈಯಲ್ಲಿ ಮುಂದೆ ಕ್ಯಾಮೆರಾ ಇರುತ್ತೋ ಪಿಟೀಲು ಇರುತ್ತೋ ವಲಸೆ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಕ್ಯಾಮೆರಾನೂ ಹಿಡಿಯದೆ, ಪಿಟೀಲೂ ನುಡಿಸದೆ, ಬರೀ ಬದುಕಿ ಬಾಳಿದ ಮಕ್ಕಳೇ ಹೆಚ್ಚು. ಅವರ ಲೆಕ್ಕಕ್ಕೂ ಬೆಲೆ ಕಡಿಮೆ ಏನಿಲ್ಲ.

2024ರ ಜುಲೈನಲ್ಲಿ ಡಬ್ಸ್ ಅವರದೇ ಲೇಬರ್ ಪಕ್ಷ ಅಧಿಕಾರಕ್ಕೆ ಬಂತು. ನಮ್ಮವರು ಬಂದರಲ್ಲ, ಇನ್ನು ಸುಮ್ಮನಿರಬಹುದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಆ ಸರ್ಕಾರ, ನಿರಾಶ್ರಿತರು ಹೆಂಡತಿ ಮಕ್ಕಳನ್ನ ಕರೆಸಿಕೊಳ್ಳುವ ಹೊಸ ಅರ್ಜಿಗಳನ್ನ ತಾತ್ಕಾಲಿಕವಾಗಿ ನಿಲ್ಲಿಸಿತು. ನವೆಂಬರ್‌ನಲ್ಲಿ ಇನ್ನೂ ಬಿಗಿಯಾದ ನಿಯಮಗಳನ್ನ ಘೋಷಿಸಿತು. ಡಬ್ಸ್ ತಮ್ಮದೇ ಪಕ್ಷದ ಗೃಹ ಸಚಿವೆಯನ್ನ ಬಹಿರಂಗವಾಗಿ ಟೀಕಿಸಿದರು.

ಆಗ ಅವರಿಗೆ 92 ವರ್ಷ.